ಸಂಪಾದಕರ ಮಾತು: ಒಂದು ಪೇಟೆಯ ಹೆಸರು, ಒಂದು ಮನೆಯ ಶೋಕ

ಶಿವಮೊಗ್ಗೆಯಿಂದ ಆಯನೂರಿನ ಮೇಲೆ ಹೊಸನಗರಕ್ಕೆ ಹೋಗುವವರೂ, ಸಾಗರದ ಕಡೆಯಿಂದ ಬಂದು ಹುಂಚದ ಪದ್ಮಾವತಿಯ ದರ್ಶನಕ್ಕೋ ತೀರ್ಥಹಳ್ಳಿಯ ಕೆಲಸಕ್ಕೋ ಹೊರಟವರೂ ಒಂದು ಗಳಿಗೆ ನಿಂತು ಕಾಫಿ ಕುಡಿದು ಮುಂದಕ್ಕೆ ಸಾಗುವ ನಾಲ್ಕು ದಾರಿಗಳ ಕೂಟದಲ್ಲಿ ರಿಪ್ಪನ್‌ಪೇಟೆ ಇದೆ. ಅಡಕೆಯ ಮೂಟೆಗಳ ನಡುವೆ, ಬಸ್ಸಿನ ನಿರ್ವಾಹಕರ ಕೂಗಿನಲ್ಲಿ, ದಿನಕ್ಕೆ ಸಾವಿರ ಸಲ ಉಚ್ಚರಿತವಾಗುವ ಆ ಹೆಸರು 1880ರಿಂದ 1884ರ ವರೆಗೆ ಭಾರತದ ವೈಸರಾಯರಾಗಿದ್ದ ರಿಪ್ಪನ್ ಪ್ರಭುವಿನದೆಂಬುದನ್ನು ಊರಿನ ಹಿರಿಯರು ಬಲ್ಲರು; ಸ್ಥಳೀಯ ಸ್ವಯಮಾಡಳಿತಕ್ಕೆ ಅಡಿಗಲ್ಲನ್ನಿಟ್ಟವರೆಂದು ಶಾಲೆಯ ಮಕ್ಕಳೂ ಓದಿರುತ್ತಾರೆ. ಆದರೆ ಆ ಪ್ರಭುವಿನ ಜೀವನದ ಮಧ್ಯಭಾಗದಲ್ಲಿ ಒಂದು ಘೋರವಾದ ಶೋಕವೂ, ಆ ಶೋಕದ ಬೆನ್ನಿಗೇ ಲೋಕಾಪವಾದವನ್ನು ತಂದ ಒಂದು ಧರ್ಮನಿರ್ಣಯವೂ ಇದ್ದುವೆಂಬುದು ನಮ್ಮ ಕಡೆಯಲ್ಲಿ ಹೆಚ್ಚು ಮಂದಿಗೆ ತಿಳಿದಿಲ್ಲ. ತಪಸ್ಸುಕಾಲದಲ್ಲಿ ಓದುಗರ ಕೈಸೇರುತ್ತಿರುವ ಈ ಸಂಚಿಕೆಗೆ ಆ ಕಥೆಯೇ ಮುನ್ನುಡಿಯಾಗಲೆಂದು ನಾವು ಬಯಸಿದ್ದೇವೆ.

ಜಾರ್ಜ್ ಫ್ರೆಡರಿಕ್ ಸ್ಯಾಮ್ಯುಯೆಲ್ ರಾಬಿನ್‌ಸನ್ 1827ರಲ್ಲಿ, ತಂದೆಯು ಇಂಗ್ಲೆಂಡಿನ ಪ್ರಧಾನಮಂತ್ರಿಯಾಗಿದ್ದಾಗ, ಆ ಪದವಿಯ ಅಧಿಕೃತ ನಿವಾಸದಲ್ಲಿಯೇ ಹುಟ್ಟಿದವರು. ಯೌವನದಲ್ಲಿ ಅವರು ಮಾರಿಸ್, ಕಿಂಗ್ಸ್ಲಿ ಮೊದಲಾದ ಕ್ರೈಸ್ತ ಸಮಾಜವಾದಿಗಳ ಸಂಗಡಿಗರಾಗಿ ಕೂಲಿಕಾರರ ವಿದ್ಯಾಭ್ಯಾಸಕ್ಕಾಗಿ ದುಡಿದರು. ಮುಂದೆ ಗ್ಲ್ಯಾಡ್‌ಸ್ಟನ್ನರ ಮಂತ್ರಿಮಂಡಲದಲ್ಲಿ ಉನ್ನತ ಸ್ಥಾನವನ್ನು ಪಡೆದರು. ಇಂಗ್ಲೆಂಡಿನ ಫ್ರೀಮೇಸನ್ನರ ಮಹಾಮಂಡಲಕ್ಕೂ ಅಧಿಪತಿಯಾದರು. ಐಶ್ವರ್ಯ, ಅಧಿಕಾರ, ಜನಮನ್ನಣೆ, ಒಂದಕ್ಕೂ ಕೊರತೆಯಿರಲಿಲ್ಲ.

1870ರ ಏಪ್ರಿಲ್ ತಿಂಗಳಲ್ಲಿ ಅವರ ಪತ್ನಿ ಹೆನ್ರಿಯೆಟಾಳ ತಮ್ಮ ಫ್ರೆಡರಿಕ್ ವೈನರ್ ಗ್ರೀಸ್ ದೇಶದಲ್ಲಿ ಪ್ರವಾಸಮಾಡುತ್ತಿದ್ದನು. ಆಗ ಅವನಿಗೆ ಇಪ್ಪತ್ತಮೂರು ವರ್ಷ. ಮ್ಯಾರಥಾನ್ ರಣಭೂಮಿಯನ್ನು ನೋಡಿ ಮರಳುವ ದಾರಿಯಲ್ಲಿ ಅವನೂ ಅವನ ಸಂಗಡಿಗರೂ ದರೋಡೆಕೋರರ ಕೈಗೆ ಸಿಕ್ಕರು. ಹೆಂಗಸರನ್ನು ಬೇಗನೆ ಬಿಟ್ಟುಬಿಟ್ಟ ಆ ಕಳ್ಳರು, ಬಿಡುಗಡೆಯ ಹಣವನ್ನು ಹೊಂದಿಸಿ ತರುವುದಕ್ಕಾಗಿ ಗಂಡಸರಲ್ಲಿ ಒಬ್ಬನನ್ನು ಕಳುಹಿಸಿಕೊಡಲು ಒಪ್ಪಿದಾಗ ಚೀಟಿಯೆತ್ತಿದರೆಂದೂ, ಚೀಟಿಯು ವೈನರನಿಗೆ ಬಂದರೂ ಅವನು ತಾನು ಹಿಂದುಳಿದು, ಹೆಂಡತಿಯಿದ್ದ ಮಂಕಾಸ್ಟರ್ ಪ್ರಭುವನ್ನು ತನ್ನ ಬದಲಾಗಿ ಹೊರಡಿಸಿದನೆಂದೂ ಹೇಳುತ್ತಾರೆ. ಹಣವು ಸಿದ್ಧವಾಗಿತ್ತು. ಆದರೆ ದರೋಡೆಕೋರರು ಕ್ಷಮಾದಾನವನ್ನೂ ಬೇಡಿದರು. ಅದನ್ನು ಗ್ರೀಸಿನ ಸರ್ಕಾರ ಕೊಡದೆ ಸೈನ್ಯವನ್ನು ಅಟ್ಟಿತು. ಸೈನ್ಯವು ಸುತ್ತುವರಿದಾಗ ಅವರು ಸೆರೆಯಾಳುಗಳನ್ನು ದಿಲೆಸ್ಸಿಯ ಬಳಿ ಕೊಂದರು. ಇಡಿಯ ಭೂಮಂಡಲದ ಮೇಲೆ ಕೈಚಾಚಿದ್ದ ಸಾಮ್ರಾಜ್ಯದ ಮಂತ್ರಿಯೊಬ್ಬರು, ತಂತಿಯ ಮೂಲಕ ಗಳಿಗೆಗಳಿಗೆಗೆ ಸುದ್ದಿಯನ್ನು ಪಡೆಯಬಲ್ಲವರಾಗಿದ್ದೂ, ಸ್ವಂತ ಮನೆಯ ಹುಡುಗನೊಬ್ಬನನ್ನು ಉಳಿಸಿಕೊಳ್ಳಲಾರದೆ ಹೋದರು. ಅಧಿಕಾರವೆಂಬುದು ಎಷ್ಟು ತೆಳುವಾದದ್ದೆಂದು ಅಂದು ಅವರಿಗೆ ಮನವರಿಕೆಯಾದಷ್ಟು ನಿಶ್ಚಯವಾಗಿ ಮತ್ತಾವ ಕಾಲದಲ್ಲಿಯೂ ಆಗಿರಲಾರದೆಂದು ನಮಗೆ ತೋರುತ್ತದೆ.

ಬಳಿಕ ಆ ಕುಟುಂಬದವರು ಮಾಡಿದ ಕೆಲಸವು ಗಮನಾರ್ಹವಾದುದು. ಹುಡುಗನ ಪ್ರಾಣಕ್ಕಾಗಿ ಕೂಡಿಸಿಟ್ಟಿದ್ದ, ಆದರೆ ಪ್ರಯೋಜನಕ್ಕೆ ಬಾರದೆ ಉಳಿದ ಹಣವು ದೇವಾಲಯದ ನಿರ್ಮಾಣಕ್ಕೆ ಸಂದಿತು ಎಂಬ ಮಾತಿದೆ. ತಾಯಿಯು ಯಾರ್ಕ್‌ಷೈರಿನಲ್ಲಿ ಕಟ್ಟಿಸಿದ ಚರ್ಚು 'ಸಾಂತ್ವನಕಾರನಾದ ಕ್ರಿಸ್ತ'ನ ಹೆಸರನ್ನು ಹೊತ್ತು ಇಂದಿಗೂ ನಿಂತಿದೆ. ಅದರ ಸಮೀಪದಲ್ಲಿಯೇ, ಸ್ಟಡ್ಲಿ ರಾಯಲ್ ಉದ್ಯಾನದಲ್ಲಿ, ಅಕ್ಕನಾದ ಹೆನ್ರಿಯೆಟಾ ಕಟ್ಟಿಸಿದ ಸಂತ ಮೇರಿಯ ಚರ್ಚೂ ಇದೆ. ಎರಡಕ್ಕೂ ಶಿಲ್ಪಿ ವಿಲಿಯಮ್ ಬರ್ಜೆಸ್. ಮಗನನ್ನು ಕೊಂದವರ ಮೇಲೆ ಹಗೆಯನ್ನು ಸಾಧಿಸುವುದಕ್ಕೆ ಆ ಮನೆತನಕ್ಕೆ ಹಣವೂ ಇತ್ತು, ಬಲವೂ ಇತ್ತು. ಆ ಹಣವು ಕಲ್ಲಾಗಿ ಗೋಪುರವಾಗಿ ಪ್ರಾರ್ಥನೆಯ ಮನೆಯಾದುದನ್ನು ನೆನೆದಾಗ ನಮ್ಮ ಮನಸ್ಸು ತುಂಬಿಬರುತ್ತದೆ.

ರಿಪ್ಪನ್ನರ ಒಳಗಿನ ಯಾತ್ರೆ ಇನ್ನೂ ಉದ್ದವಾಗಿತ್ತು. ಆ ಮರಣವು ಅವರನ್ನು ಬಹಳವಾಗಿ ಕಲಕಿತೆಂದೂ, ಧರ್ಮವಿಷಯದಲ್ಲಿ ಅವರ ಚಿಂತನೆ ತೀವ್ರವಾದುದಕ್ಕೆ ಅದೂ ಒಂದು ಕಾರಣವೆಂದೂ ಅವರ ಚರಿತ್ರೆಯನ್ನು ಬರೆದವರು ಹೇಳುತ್ತಾರೆ. 1873ರಲ್ಲಿ ಅವರು ಮಂತ್ರಿಪದವಿಯನ್ನು ಬಿಟ್ಟರು. ಮರುವರ್ಷ ಫ್ರೀಮೇಸನ್ನರ ಅಧಿಪತ್ಯವನ್ನೂ ಬಿಟ್ಟು, ಸೆಪ್ಟೆಂಬರ್ ತಿಂಗಳಲ್ಲಿ, ಲಂಡನ್ನಿನಲ್ಲಿ ಕಥೋಲಿಕ ಧರ್ಮಸಭೆಯನ್ನು ಸೇರಿದರು. ಆ ಕಾಲದ ಇಂಗ್ಲೆಂಡಿನಲ್ಲಿ ಇದು ಸಣ್ಣ ಸಂಗತಿಯಲ್ಲ. ರೋಮಿನ ಧರ್ಮವನ್ನು ಸ್ವೀಕರಿಸಿದ ರಾಜಕಾರಣಿಯು ಇಂಗ್ಲಿಷ್ ಜನತೆಯ ವಿಶ್ವಾಸವನ್ನು ಕಳೆದುಕೊಂಡಂತೆಯೇ ಎಂದು 'ಟೈಮ್ಸ್' ಪತ್ರಿಕೆ ತೀರ್ಪುಕೊಟ್ಟಿತು. ಅದೇ ವರ್ಷ ಅವರ ನಾಯಕರಾದ ಗ್ಲ್ಯಾಡ್‌ಸ್ಟನ್ನರು, ಹಾಗೆ ಮತಾಂತರ ಹೊಂದುವವನು ತನ್ನ ಬುದ್ಧಿಸ್ವಾತಂತ್ರ್ಯವನ್ನೇ ಪರರಿಗೆ ಒಪ್ಪಿಸಿದಂತೆ ಎಂಬ ಅರ್ಥದಲ್ಲಿ ಬರೆದರು. ಗೆಳೆಯರ ಬಾಯಿಂದ ಬಂದ ಮಾತು ಹಗೆಗಳ ಮಾತಿಗಿಂತ ಆಳವಾಗಿ ನಾಟುತ್ತದೆ. ಆದರೂ ರಿಪ್ಪನ್ನರು ನಂಬಿಕೆಯನ್ನು ಬಿಡಲಿಲ್ಲ, ಸ್ನೇಹವನ್ನೂ ಕಡಿದುಕೊಳ್ಳಲಿಲ್ಲ. ಆರು ವರ್ಷಗಳ ತರುವಾಯ ಅವರನ್ನು ಭಾರತದ ವೈಸರಾಯರನ್ನಾಗಿ ಆರಿಸಿ ಕಳುಹಿಸಿದವರು ಅದೇ ಗ್ಲ್ಯಾಡ್‌ಸ್ಟನ್ನರೇ.

ಇಲ್ಲಿಗೆ ಬಂದ ಮೇಲೆ ಅವರು ಮಾಡಿದುದು ಇತಿಹಾಸಪುಸ್ತಕಗಳಲ್ಲಿದೆ, ವಿಸ್ತರಿಸಬೇಕಾಗಿಲ್ಲ. 1881ರ ಮಾರ್ಚ್ 25ರಂದು ಮೈಸೂರು ರಾಜ್ಯವು ಚಾಮರಾಜೇಂದ್ರ ಒಡೆಯರಿಗೆ ಮರಳಿದುದು ಅವರ ಆಳ್ವಿಕೆಯಲ್ಲಿ. ದೇಶಭಾಷೆಯ ಪತ್ರಿಕೆಗಳ ಬಾಯನ್ನು ಕಟ್ಟಲು 1878ರಲ್ಲಿ ಮಾಡಿದ್ದ ಕಾನೂನನ್ನು ಅವರು 1882ರಲ್ಲಿ ರದ್ದುಗೊಳಿಸಿದರು; ದೇಶಭಾಷೆಯ ಪತ್ರಿಕೆಯೊಂದನ್ನು ನಡೆಸುವ ನಾವು ಈ ಒಂದು ಉಪಕಾರಕ್ಕಾಗಿ ಮಾತ್ರವೇ ಅವರನ್ನು ನೆನೆಯಬಹುದಾಗಿತ್ತು. ಇಲ್ಬರ್ಟ್ ಮಸೂದೆಯ ಪ್ರಸಂಗದಲ್ಲಿ ಭಾರತೀಯ ನ್ಯಾಯಾಧೀಶನೂ ಯೂರೋಪಿಯನ್ನನನ್ನು ವಿಚಾರಿಸಬಹುದೆಂದು ಹೊರಟಾಗ ಕಲ್ಕತ್ತೆಯ ಬಿಳಿಯರು ಅವರನ್ನು ಬಹಿರಂಗವಾಗಿ ಅವಮಾನಿಸಿದರು. ಕೊನೆಗೆ ಮಸೂದೆಯನ್ನು ಅರ್ಧಕ್ಕೆ ಇಳಿಸಬೇಕಾಯಿತು. ಈ ಸೋಲನ್ನು ನಾವು ಮರೆಮಾಚುವುದಿಲ್ಲ. ಆದರೆ ತನ್ನವರಿಂದಲೇ ನಿಂದೆಯನ್ನು ಉಣ್ಣುವ ವಿದ್ಯೆಯನ್ನು 1874ರಲ್ಲಿಯೇ ಕಲಿತಿದ್ದ ಮನುಷ್ಯನಿಗಲ್ಲದೆ ಅಷ್ಟಾದರೂ ಸಾಧ್ಯವಾಗುತ್ತಿತ್ತೆ? ನಮ್ಮ ಅಭಿಪ್ರಾಯದಲ್ಲಿ ಆ ಶೋಕವೂ ಆ ಅಪವಾದವೂ ಅವರ ಹೃದಯವನ್ನು ಮುಚ್ಚದೆ ಪರರ ಕಡೆಗೆ ತೆರೆದುವು. ಅವರಿಗೆ ದೊರೆತ ದೇವರ ಕೃಪೆಯ ಗುರುತು ಇದಕ್ಕಿಂತ ಬೇರೆ ಯಾವುದೂ ನಮಗೆ ಬೇಕಿಲ್ಲ.

ದೊರೆಗಳ ಕಷ್ಟಕ್ಕೆ ಬರೆಯುವವರಿರುತ್ತಾರೆ. ಪೇಟೆಗೆ ಹೆಸರಿತ್ತ ಪ್ರಭುವಿನ ಕಥೆಯನ್ನು ಹೇಳಿ, ಆ ಪೇಟೆಯ ಸುತ್ತಣ ಕಾಡುದಾರಿಗಳಲ್ಲಿ ನಡೆದ ಕ್ರೈಸ್ತರನ್ನು ಮರೆತರೆ ನಮ್ಮ ಮಾತು ಒಕ್ಕಣ್ಣಿನದಾದೀತು. ಇಂದು ಹೊಸನಗರ ತಾಲ್ಲೂಕಿನ ಒಂದು ಶಾಂತವಾದ ಊರಾಗಿರುವ ನಗರವೇ ಹಿಂದಿನ ಬಿದನೂರು, ಕೆಳದಿಯ ಅರಸರ ರಾಜಧಾನಿ. ಘಟ್ಟದ ಕೆಳಗಿನ ಕರಾವಳಿಯೂ ಅವರ ಆಡಳಿತಕ್ಕೆ ಸೇರಿದ್ದ ಕಾಲದಲ್ಲಿ, ಗೋವೆಯ ಕಡೆಯಿಂದ ಬಂದ ಕ್ರೈಸ್ತ ಬೇಸಾಯಗಾರರು ಅಲ್ಲಿ ನೆಲೆನಿಂತರು. 1681ರಿಂದ ಕೆಲವು ವರ್ಷ ಜೋಸೆಫ್ ವಾಜ್ ಎಂಬ ಗುರುಗಳು, ಗಂಗೊಳ್ಳಿಯೇ ಮೊದಲಾದ ಊರುಗಳಲ್ಲಿ ಬರಿಗಾಲಿನಲ್ಲಿ ತಿರುಗಿ, ಚೆದುರಿದ್ದ ಆ ಜನರನ್ನು ಒಟ್ಟುಗೂಡಿಸಿದರು. 2015ರಲ್ಲಿ ಅವರಿಗೆ ಸಂತಪದವಿ ಸಂದಿತು.

ಬಿದನೂರಿನ ಭಾಗ್ಯ ತಿರುಗಿದಾಗ ಆ ಜನರ ಭಾಗ್ಯವೂ ತಿರುಗಿತು. 1763ರಲ್ಲಿ ಹೈದರಾಲಿ ಆ ನಗರವನ್ನು ಗೆದ್ದನು. 1783ರಲ್ಲಿ ಇಂಗ್ಲಿಷ್ ಸೇನಾಪತಿ ಮ್ಯಾಥ್ಯೂಸ್ ಘಟ್ಟವನ್ನೇರಿ ಬಂದು ಅದನ್ನು ಹಿಡಿದನು. ಕೆಲವೇ ತಿಂಗಳಲ್ಲಿ ಟಿಪ್ಪುಸುಲ್ತಾನನು ಅದನ್ನು ಮರಳಿ ಪಡೆದನು. ಇಂಗ್ಲಿಷರಿಗೆ ನೆರವಾದರೆಂಬ ಸಂದೇಹವು ಕರಾವಳಿಯ ಕ್ರೈಸ್ತರ ಮೇಲೆ ಬಿತ್ತು. 1784ರಲ್ಲಿ, ತಪಸ್ಸುಕಾಲ ಮೊದಲಾಗುವ ಬೂದಿ ಬುಧವಾರದಂದು, ಅವರನ್ನು ಸೆರೆಹಿಡಿದರೆಂದು ಪರಂಪರೆ ಹೇಳುತ್ತದೆ. ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಒಯ್ಯಲ್ಪಟ್ಟ ಆ ಸಂಸಾರಗಳ ದಾರಿಯುದ್ದಕ್ಕೂ ಮುದುಕರೂ ಹಸುಗೂಸುಗಳೂ ಬಿದ್ದುಹೋದರು. ಈ ವೃತ್ತಾಂತವನ್ನು ಯಾವ ಮತದವರ ಮೇಲೂ ಕಿಡಿಯನ್ನು ಹಾರಿಸಲು ನಾವು ನೆನೆಯುತ್ತಿಲ್ಲ. ರಾಜರ ಯುದ್ಧದಲ್ಲಿ ಬಡವರು ಬೇಯುವುದು ಎಲ್ಲ ಧ್ವಜಗಳ ಕೆಳಗೂ ನಡೆದಿದೆ. ನಮ್ಮನ್ನು ವಿಸ್ಮಯಗೊಳಿಸುವುದು ಬೇರೆ: ಹದಿನೈದು ವರ್ಷಗಳ ತರುವಾಯ, 1799ರಲ್ಲಿ, ಸೆರೆಯಿಂದ ಹೊರಬಂದವರಲ್ಲಿ ಅನೇಕರು, ಇಗರ್ಜಿಗಳಿಲ್ಲದ, ಹೊಲಗಳು ಪರರ ಪಾಲಾಗಿದ್ದ ಊರುಗಳಿಗೆ ಹಿಂದಿರುಗಿ, ಮತ್ತೆ ಮಣ್ಣಿನ ಗೋಡೆಯೆಬ್ಬಿಸಿ, ಮತ್ತೆ ಪ್ರಾರ್ಥನೆಗೆ ಕೂಡಿದರು. ಬಲವಂತದಿಂದಲೋ ಭಯದಿಂದಲೋ ಧರ್ಮವನ್ನು ಬಿಟ್ಟಿದ್ದವರನ್ನು ಪುನಃ ಧರ್ಮಸಭೆಗೆ ಸೇರಿಸಿಕೊಳ್ಳುವ ಕಾರ್ಯಕ್ಕೆ ಅಬ್ಬೆ ದುಬಾಯ್ ಎಂಬ ಫ್ರೆಂಚ್ ಗುರುಗಳು ಶ್ರೀರಂಗಪಟ್ಟಣಕ್ಕೆ ಬಂದರು. ಸೋತವನನ್ನು ಹೀಗೆ ಒಳಕ್ಕೆ ಕರೆದುಕೊಳ್ಳುವ ಬಾಗಿಲೊಂದು ತೆರೆದಿರುವುದೇ ವರಪ್ರಸಾದದ ಸ್ವರೂಪವೆಂದು ನಾವು ತಿಳಿದಿದ್ದೇವೆ. ಎಂದೂ ಸೋಲದವರಿಗೆ ಅದರ ಬೆಲೆ ಗೊತ್ತಾಗುವುದು ಕಷ್ಟ.

ಅವರ ಮಕ್ಕಳು ಮೊಮ್ಮಕ್ಕಳಲ್ಲಿ ಕೆಲವರು ಮುಂದೆ ಹೊಟ್ಟೆಪಾಡಿಗಾಗಿ, ಈ ಸಲ ತಾವಾಗಿಯೇ, ಹುಲಿಕಲ್ಲಿನ ದಾರಿಯಲ್ಲಿಯೂ ಆಗುಂಬೆಯ ದಾರಿಯಲ್ಲಿಯೂ ಘಟ್ಟವನ್ನೇರಿ ಮಲೆನಾಡಿಗೆ ಬಂದರು. ತೋಟದ ಕೆಲಸ, ಮರಗೆಲಸ, ಕಲ್ಲುಕೆಲಸ ಅವರಿಗೆ ಅನ್ನಕೊಟ್ಟುವು; ಮಲೆನಾಡಿನ ಚಳಿಜ್ವರವು, ಇಲ್ಲಿಯ ಎಲ್ಲ ಜಾತಿಯವರಿಂದ ತೆಗೆದುಕೊಂಡಂತೆ ಅವರಿಂದಲೂ ತನ್ನ ಪಾಲನ್ನು ತೆಗೆದುಕೊಂಡಿತು. ಗುರುಗಳು ಎಂದೋ ಒಮ್ಮೆ ಬರುವ ಆ ಕಾಲದಲ್ಲಿ, ಮಳೆಯ ಜಡಿಗೆ ದಾರಿಗಳು ಮುಚ್ಚಿಹೋದ ತಿಂಗಳುಗಳಲ್ಲಿ, ಸೋಗೆಯ ಮನೆಯೊಳಗೆ ಚಿಮಣಿಬುಡ್ಡಿಯ ಬೆಳಕಿನಲ್ಲಿ ತಾಯಂದಿರು ಜಪಸರವನ್ನು ಹಿಡಿದು ಹೇಳಿಕೊಡುತ್ತಿದ್ದ ಪ್ರಾರ್ಥನೆಯೇ ಅವರ ಇಗರ್ಜಿಯಾಗಿತ್ತು. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಹೊಸ ತೆನೆಯನ್ನು ಮರಿಯಮ್ಮನ ಮುಂದಿಟ್ಟು ಮನೆಮಂದಿಯೆಲ್ಲ ಹಂಚಿಕೊಂಡು ಉಣ್ಣುವ ಪದ್ಧತಿಯನ್ನು ಅವರು ಇಲ್ಲಿಗೂ ತಂದರು. ಶಿವಮೊಗ್ಗೆಯೇ ಧರ್ಮಪ್ರಾಂತ್ಯವಾದದ್ದು 1988ರಲ್ಲಿ. ಅದಕ್ಕೆ ಹಿಂದಿನ ದೀರ್ಘಕಾಲದ ನಂಬಿಕೆಯನ್ನು ಹೊತ್ತು ನಡೆದವರು ಈ ಅಕ್ಷರವರಿಯದ ತಾಯಂದಿರು.

ಕನ್ನಡಕ್ಕೆ ಸೇವೆ ಮಾಡಿದ ಕಿಟೆಲ್ಲರನ್ನೂ ಇಲ್ಲಿ ಒಂದು ಮಾತಿನಲ್ಲಿ ಸ್ಮರಿಸಬೇಕು. ವಿವಾಹವಾದ ಕೆಲವೇ ವರ್ಷಗಳಲ್ಲಿ ಪತ್ನಿ ಪೌಲೀನಳನ್ನು ಮಂಗಳೂರಿನಲ್ಲಿ ಕಳೆದುಕೊಂಡ ಆ ಜರ್ಮನ್ ಪಾದ್ರಿಯವರು, ಆ ಮೇಲೆ ಮೂವತ್ತು ವರ್ಷ ಉರುಳಿದ ಬಳಿಕ, 1894ರಲ್ಲಿ, ಸುಮಾರು 70,000 ಶಬ್ದಗಳ ನಿಘಂಟನ್ನು ನಮ್ಮ ಕೈಯಲ್ಲಿಟ್ಟರು. ಪರದೇಶದ ಮಣ್ಣಿನಲ್ಲಿ ಪತ್ನಿಯನ್ನು ಹೂಳಿದವನು ಆ ಮಣ್ಣಿನ ಮಾತನ್ನು ಅಷ್ಟು ಪ್ರೀತಿಯಿಂದ ಕೂಡಿಸಿಟ್ಟನೆಂದರೆ, ಆ ಶ್ರಮದಲ್ಲಿ ಪಾಂಡಿತ್ಯಕ್ಕಿಂತ ಮಿಗಿಲಾದದ್ದೇನೋ ಇರಲೇಬೇಕು.

ಇಷ್ಟನ್ನು ಹೇಳಿದ ಮೇಲೆ ಒಂದು ಎಚ್ಚರಿಕೆಯನ್ನೂ ಹೇಳದಿದ್ದರೆ ನಾವು ಕರ್ತವ್ಯಲೋಪ ಮಾಡಿದಂತಾಗುವುದು. ಕಷ್ಟವು ನಂಬಿಕೆಯನ್ನು ಹೊಸದುಮಾಡಬಲ್ಲುದೆಂಬ ಅನುಭವದಿಂದ, ನಂಬಿಕೆಯನ್ನು ಹೊಸದುಮಾಡುವುದಕ್ಕಾಗಿಯೇ ದೇವರು ಕಷ್ಟವನ್ನು ಕಳುಹಿಸುತ್ತಾನೆಂಬ ಸಿದ್ಧಾಂತಕ್ಕೆ ಹಾರುವವರು ನಮ್ಮ ಪ್ರವಚನಪೀಠಗಳಲ್ಲಿ ಕಡಮೆಯಿಲ್ಲ. ಮಗುವನ್ನು ಕಳೆದುಕೊಂಡ ತಾಯಿಯ ಮುಂದೆ ಆ ಸಿದ್ಧಾಂತವನ್ನು ಉಚ್ಚರಿಸುವುದು ಕ್ರೌರ್ಯ. ಯೋಬನ ಗೆಳೆಯರು ಇದೇ ಕೆಲಸವನ್ನು ಮಾಡಿದರು. ದೇವರು ಕೊನೆಯಲ್ಲಿ ಗದರಿಸಿದುದು ಗೋಳಾಡಿ ದೂರಿದ ಯೋಬನಿಗಿಂತಲೂ ಕಠಿಣವಾಗಿ, ದೇವರ ಪರವಾಗಿ ವಾದಿಸುತ್ತಿದ್ದ ಆ ಪಂಡಿತರನ್ನು. ವೈನರನ ಕೊಲೆಯು ಯಾವ ದೈವಸಂಕಲ್ಪದ ಮೆಟ್ಟಿಲೂ ಅಲ್ಲ, ಅದು ಪಾಪವೇ. 1784ರ ಆ ದಾರಿಯೂ ಪಾಪವೇ. ಶಿಲುಬೆಯೂ ಮನುಷ್ಯರ ಕೈಗಳು ಮಾಡಿದ ಅನ್ಯಾಯವೇ ಆಗಿತ್ತೆಂಬುದನ್ನು ಶುಭಶುಕ್ರವಾರದ ದಿನ ನಾವು ಮರೆಯಬಾರದು. ದೇವರು ಆ ಅನ್ಯಾಯವನ್ನು ದೂರದಲ್ಲಿ ನಿಂತು ಯೋಜಿಸಿದವನಲ್ಲ, ಅದರೊಳಗೆ ಇಳಿದು ಬಂದು ತಾನೇ ಉಂಡವನು ಎಂಬುದೇ ಕ್ರೈಸ್ತನು ನಂಬುವ ಮಾತು. ಆದುದರಿಂದ ನೊಂದವರ ಮನೆಗೆ ಹೋಗುವವರು ಉತ್ತರವನ್ನು ಒಯ್ಯಬೇಕಾಗಿಲ್ಲ. ಒಂದು ಪಾತ್ರೆ ಗಂಜಿಯನ್ನು ಒಯ್ದು, ಅವರು ಅಳುವಷ್ಟು ಹೊತ್ತು ಕೂಡಬೇಕು.

ಇನ್ನು ಓದುಗರಲ್ಲಿ ಒಂದು ವಿಜ್ಞಾಪನೆ. ಹೊಸನಗರ, ಸಾಗರ, ತೀರ್ಥಹಳ್ಳಿ ತಾಲ್ಲೂಕುಗಳ ಹಳೆಯ ಕ್ರೈಸ್ತ ಕುಟುಂಬಗಳಲ್ಲಿ ಘಟ್ಟ ಹತ್ತಿ ಬಂದವರ ನೆನಪನ್ನು ಹಿರಿಯರ ಬಾಯಿಂದ ಕೇಳಿದವರು ಇನ್ನೂ ಇದ್ದಾರೆ. ಯಾವ ಊರಿನಿಂದ ಬಂದರು, ಯಾವ ಮಳೆಗಾಲದಲ್ಲಿ ಯಾರನ್ನು ಕಳೆದುಕೊಂಡರು, ಮೊದಲ ಪೂಜೆ ಯಾರ ಮನೆಯ ಜಗಲಿಯಲ್ಲಿ ನಡೆಯಿತು, ಆಗ ನೆರವಾದ ಹಿಂದೂ ಮುಸಲ್ಮಾನ ನೆರೆಹೊರೆಯವರು ಯಾರು, ಇವನ್ನೆಲ್ಲ ಮನೆಯ ಕಿರಿಯರು ಈ ರಜೆಯಲ್ಲಿ ಅಜ್ಜಿಯ ಪಕ್ಕದಲ್ಲಿ ಕುಳಿತು, ಅಜ್ಜಿಯ ಮಾತಿನಲ್ಲಿಯೇ, ಕೊಂಕಣಿಯಾದರೆ ಕೊಂಕಣಿಯಲ್ಲಿ, ಕನ್ನಡವಾದರೆ ಕನ್ನಡದಲ್ಲಿ, ಬರೆದು ನಮಗೆ ಕಳುಹಿಸಿಕೊಡಬೇಕು. ಭಾಷೆಯನ್ನು ತಿದ್ದುವ ಗೋಜಿಗೆ ಹೋಗಬೇಕಾಗಿಲ್ಲ. ಅದನ್ನು ನಾವೂ ತಿದ್ದುವುದಿಲ್ಲ. ಬಂದವುಗಳನ್ನು ಮುಂದಿನ ಸಂಚಿಕೆಗಳಲ್ಲಿ ಒಂದೊಂದಾಗಿ ಅಚ್ಚುಮಾಡುತ್ತೇವೆ.