ಮೊದಲು ಹಾರ್ನ್ ನೇರ ಮಾಡಿ, ಟ್ರಿಮ್ ಆಮೇಲೆ

ಆರ್‌ಸಿ ಕಾರು ತಗೊಂಡವರು ಮೊದಲ ದಿನ ಕೇಳೋ ಪ್ರಶ್ನೆ ಒಂದೇ: "ಎಷ್ಟು ಸ್ಪೀಡ್ ಹೋಗುತ್ತೆ?" ಎರಡನೇ ವಾರಕ್ಕೆ ಪ್ರಶ್ನೆ ಬದಲಾಗುತ್ತೆ: "ಇದು ಯಾಕೆ ನೇರ ಹೋಗ್ತಾ ಇಲ್ಲ?" ಮೂರನೇ ವಾರಕ್ಕೆ ಕಾರು ಕಪಾಟಿನ ಮೇಲೆ. ನೀವು ದೀಪಾವಳಿ ಸೇಲ್‌ನಲ್ಲಿ ಮಗನಿಗೆ ಅಂತ ಹೇಳಿ ನಿಮಗೇ ಒಂದು ಕಾರು ತರಿಸಿಕೊಂಡಿದ್ರೆ, ಈ ಸಲದ ಅಂಕಣ ನಿಮಗೆ. ಹಾಗೆ ಕಪಾಟು ಸೇರಿದ ಕಾರುಗಳಲ್ಲಿ ಬಹಳಷ್ಟು ಕೆಟ್ಟಿರೋದೇ ಇಲ್ಲ. ಸ್ಟಿಯರಿಂಗ್ ಸೆಟಪ್ ಆಗಿರೋದಿಲ್ಲ, ಅಷ್ಟೇ.

ಇದು ನೆನಪಾಗಿದ್ದು ಈ ಮಳೆಗಾಲ ಕೋಲಸಿರ್ಸಿಯಲ್ಲಿ ಕೂತು ವರ್ಕ್ ಫ್ರಮ್ ಹೋಮ್ ಮಾಡುವಾಗ. ಅಂಗಳ ಪೂರ್ತಿ ಹಾವಸೆ, ಕಾರು ಓಡಿಸೋ ಹಾಗಿಲ್ಲ. ಎಂಟನೇ ಕ್ಲಾಸಿನ ಅಕ್ಕನ ಮಗ ಜಗುಲಿ ಮೇಲೇ ಓಡಿಸ್ತಾ ಇದ್ದ. ಹಳೇ ಸರ್ವೊ ಸುಟ್ಟುಹೋಗಿ, ಕೊರಿಯರ್‌ನಲ್ಲಿ ಹೊಸದು ತರಿಸಿ, ತಾನೇ ಕೂರಿಸಿದ್ದ. ಈಗ ಹೊಸದೂ ಬಿಸಿ ಆಗ್ತಾ ಇತ್ತು.

"ಮಾವಾ, ಬಲಕ್ಕೆ ಸರಿ ತಿರುಗ್ತಿಲ್ಲೆ. ಎಡಕ್ಕೆ ಪೂರ್ತಿ ತಿರುಗಿಸಿದ್ರೆ ಗುಂಯ್ ಹೇಳಿ ಶಬ್ದ ಬತ್ತು."

"ಟ್ರಿಮ್ ಎಷ್ಟಿದ್ದು?"

"ಕೊನೇವರೆಗೂ ತಿರುಗ್ಸಿದ್ದಿ. ಅಷ್ಟು ಮಾಡಿದ್ರೇ ನೇರ ಹೋಗ್ತು."

ಅವನ ಅಜ್ಜ ಕವಳ ಹಾಕ್ತಾ ಕೂತವರು, "ಮೂರನೇದು ತರಿಸ್ತ್ಯಾ ಹಂಗಾರೆ?" ಅಂತ ಕೇಳಿಬಿಟ್ಟರು. ಹುಡುಗನ ಮುಖ ಸಣ್ಣ ಆಯ್ತು. ಆದರೆ ಅವನು ಹೇಳಿದ ಎರಡು ದೂರಿಗೂ ಕಾರಣ ಒಂದೇ, ಅದು ಅವನ ಮೂರನೇ ವಾಕ್ಯದಲ್ಲೇ ಇತ್ತು. ಯಾಕೆ ಅಂತ ಗೊತ್ತಾಗೋಕೆ ಕಾರಿನ ಒಳಗೆ ಏನು ನಡೆಯುತ್ತೆ ಅಂತ ಸ್ವಲ್ಪ ನೋಡೋಣ.

ಸರ್ವೊ ಕೇಳಿಸಿಕೊಳ್ಳೋದು ಏನನ್ನ?

ರೇಡಿಯೊದಿಂದ ದಿಕ್ಕು ತಿರುಗಿಸೋ ಆಟ ಹೊಸದೇನಲ್ಲ. 1898ರಲ್ಲೇ ನಿಕೊಲಾ ಟೆಸ್ಲಾ ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಒಂದು ಪುಟ್ಟ ದೋಣಿಯನ್ನ ರೇಡಿಯೊ ಅಲೆಗಳಿಂದ ನಡೆಸಿ ತೋರಿಸಿದ್ದ. ನಮ್ಮ ಕಾರಲ್ಲಿ ಆ ಕೆಲಸಕ್ಕೆ ಮೂರು ಜನ ಇದ್ದಾರೆ ಅಂದ್ಕೊಳ್ಳಿ. ಕೈಯಲ್ಲಿರೋ ರಿಮೋಟ್, ಕಾರಲ್ಲಿರೋ ರಿಸೀವರ್, ಮುಂದಿನ ಚಕ್ರ ತಿರುಗಿಸೋ ಸರ್ವೊ.

ರಿಸೀವರ್‌ನಿಂದ ಸರ್ವೊಗೆ ಮೂರು ವೈರು: ಪ್ಲಸ್, ಮೈನಸ್, ಸಿಗ್ನಲ್. ಸಿಗ್ನಲ್ ವೈರಲ್ಲಿ ಸಾಮಾನ್ಯವಾಗಿ 20 ಮಿಲಿಸೆಕೆಂಡಿಗೆ ಒಂದು ಪಲ್ಸ್ ಹೋಗುತ್ತೆ. ಆ ಪಲ್ಸ್ ಎಷ್ಟು ಹೊತ್ತು ಇತ್ತು ಅನ್ನೋದೇ ಸರ್ವೊಗೆ ಆದೇಶ. 1500 ಮೈಕ್ರೊಸೆಕೆಂಡ್ ಇದ್ರೆ ಮಧ್ಯಕ್ಕೆ ನಿಲ್ಲು. 1000 ಆದ್ರೆ ಒಂದು ತುದಿಗೆ, 2000 ಆದ್ರೆ ಇನ್ನೊಂದು ತುದಿಗೆ. ಸರ್ವೊಗೆ ಚಕ್ರ ಕಾಣೋದಿಲ್ಲ, ರಸ್ತೆ ಕಾಣೋದಿಲ್ಲ. ಹೇಳಿದ ಜಾಗಕ್ಕೆ ಹೋಗಿ ಹಟ ಹಿಡಿದು ನಿಲ್ಲೋದಷ್ಟೇ ಅದರ ಕೆಲಸ.

ಸರ್ವೊ ತಲೆ ಮೇಲೆ ಒಂದು ಪುಟ್ಟ ಕೈ ಇರುತ್ತೆ. ಅದಕ್ಕೆ ಹಾರ್ನ್ ಅಂತಾರೆ, ಸದ್ದು ಮಾಡೋ ಹಾರ್ನ್ ಅಲ್ಲ. ಅದು ಹಲ್ಲಿರೋ ಶಾಫ್ಟ್ ಮೇಲೆ ಕೂರುತ್ತೆ. ಕಂಪನಿ ನೋಡಿಕೊಂಡು 23, 24 ಅಥವಾ 25 ಹಲ್ಲು. 25 ಹಲ್ಲಿದ್ರೆ ಒಂದು ಹಲ್ಲಿಗೆ 14.4 ಡಿಗ್ರಿ. ಅಂದ್ರೆ ಹಾರ್ನ್ ಕೂರಿಸುವಾಗ ಒಂದೇ ಒಂದು ಹಲ್ಲು ತಪ್ಪಿದ್ರೂ ಚಕ್ರ ಚೆನ್ನಾಗೇ ಓರೆ ಆಗುತ್ತೆ.

ಹುಡುಗನ ಕಾರಲ್ಲಿ ಆಗಿದ್ದು ಇದೇ. ಹಾರ್ನ್ ಹಲ್ಲು ತಪ್ಪಿ ಕೂತಿತ್ತು. ಚಕ್ರ ಎಡಕ್ಕೆ ವಾಲಿತ್ತು. ಅವನು ಟ್ರಿಮ್ ತಿರುಗಿಸಿ ತಿರುಗಿಸಿ ಚಕ್ರ ನೇರ ತಂದಿದ್ದ. ಕೆಲವು ರಿಮೋಟ್‌ಗಳಲ್ಲಿ ಟ್ರಿಮ್ ಬರೀ ಮಧ್ಯದ ಬಿಂದುವನ್ನ ಸರಿಸುತ್ತೆ, ಎರಡು ತುದಿ ಇದ್ದಲ್ಲೇ ಇರುತ್ತವೆ. ಅವನದ್ದು ಆ ಜಾತಿ. ಲೆಕ್ಕ ಹಾಕಿ: ಮಧ್ಯ 1500 ಬಿಟ್ಟು 1600ಕ್ಕೆ ಬಂತು ಅಂದ್ಕೊಳ್ಳೋಣ. ತುದಿಗಳು 1000 ಮತ್ತು 2000. ಈಗ ಬಲಕ್ಕೆ ಉಳಿದಿದ್ದು 400, ಎಡಕ್ಕೆ ಸಿಕ್ಕಿದ್ದು 600. ಬಲಕ್ಕೆ ಪೂರ್ತಿ ತಿರುಗೋದಿಲ್ಲ. ಎಡಕ್ಕೆ ಚಕ್ರ ತನ್ನ ಕೊನೆ ಮುಟ್ಟಿದ ಮೇಲೂ ಸರ್ವೊ "ಇನ್ನೂ ಹೋಗು" ಅನ್ನೋ ಆದೇಶ ಪಾಲಿಸ್ತಾ ಒತ್ತುತ್ತಾ ಇರುತ್ತೆ. ಆ ಗುಂಯ್ ಸದ್ದು ಅದೇ.

ನಮ್ಮ ಕೆಲಸದ ಭಾಷೆಯಲ್ಲಿ ಹೇಳೋದಾದ್ರೆ, ಇದು ಹಾರ್ಡ್‌ವೇರ್ ಬಗ್‌ಗೆ ಹಾಕಿದ ಸಾಫ್ಟ್‌ವೇರ್ ಪ್ಯಾಚು. ಡೆಮೊ ಪಾಸಾಗುತ್ತೆ. ತೊಂದರೆ ಬೇರೆ ಕಡೆ ಎದ್ದು ಬರುತ್ತೆ.

ಸೆಟಪ್ ಕ್ರಮ

ಕಾರನ್ನ ಒಂದು ಮಣೆ ಮೇಲೆ ಇಡಿ, ನಾಲ್ಕೂ ಚಕ್ರ ಗಾಳಿಯಲ್ಲಿರಲಿ. ಯಾವಾಗಲೂ ರಿಮೋಟ್ ಮೊದಲು ಆನ್, ಕಾರು ಆಮೇಲೆ. ಆಫ್ ಮಾಡುವಾಗ ಕಾರು ಮೊದಲು, ರಿಮೋಟ್ ಆಮೇಲೆ. ಈ ಅಭ್ಯಾಸ ತಪ್ಪಿದ್ರೆ ಕಾರು ತನ್ನಿಷ್ಟಕ್ಕೆ ಓಡಿದ್ರೂ ಓಡಬಹುದು.

1. ಎಲ್ಲ ಸೊನ್ನೆಗೆ ತನ್ನಿ. ಟ್ರಿಮ್ ಸೊನ್ನೆ, ಸಬ್‌ಟ್ರಿಮ್ ಇದ್ರೆ ಅದೂ ಸೊನ್ನೆ, ಡ್ಯೂಯಲ್ ರೇಟ್ ನೂರು. ಹಿಂದೆ ಯಾರೋ ಮುಟ್ಟಿದ್ದರ ಮೇಲೆ ಹೊಸ ಲೆಕ್ಕ ಕಟ್ಟಬೇಡಿ.

2. ಹಾರ್ನ್ ಬಿಚ್ಚಿ. ಸ್ಕ್ರೂ ತೆಗೆದು ಹಾರ್ನನ್ನ ಎತ್ತಿ ಪಕ್ಕಕ್ಕಿಡಿ. ಈಗ ಆನ್ ಮಾಡಿದ್ರೆ ಸರ್ವೊ ತಾನೇ ತನ್ನ ನಿಜವಾದ ಮಧ್ಯಕ್ಕೆ ಬಂದು ನಿಲ್ಲುತ್ತೆ. ಆ ಸ್ಥಿತಿಯಲ್ಲಿ ಹಾರ್ನ್ ವಾಪಸ್ ಕೂರಿಸಿ, ಸರ್ವೊಗೆ ಜೋಡಿಸಿದ ಲಿಂಕಿಗೆ ಆದಷ್ಟು 90 ಡಿಗ್ರಿ ಇರೋ ಹಾಗೆ. ಹಲ್ಲುಗಳ ನಡುವೆ ಸಿಕ್ಕಿ ಸ್ವಲ್ಪ ಓರೆ ಉಳಿದೇ ಉಳಿಯುತ್ತೆ. 25 ಹಲ್ಲಿನದ್ದಾದ್ರೆ ಹೆಚ್ಚಂದ್ರೆ 7.2 ಡಿಗ್ರಿ. ಆ ಉಳಿಕೆಗೆ ಅಂತಲೇ ಸಬ್‌ಟ್ರಿಮ್ ಇರೋದು.

3. ಚಕ್ರ ನೇರ ಮಾಡೋದು ರಾಡ್‌ನಿಂದ. ಹಾರ್ನ್ ನೇರ ಇದ್ದೂ ಚಕ್ರ ಓರೆ ಇದ್ರೆ ಟೈ ರಾಡ್ ಉದ್ದ ತಿದ್ದಿ. ಎಡ ಬಲ ರಾಡ್ ಒಂದೇ ಅಳತೆ ಇರಬೇಕಾದ ಕಾರುಗಳೇ ಹೆಚ್ಚು, ಒಂದು ಸ್ಕೇಲ್ ಹಿಡಿದು ನೋಡಿದ್ರೆ ಸಾಕು.

4. ದಿಕ್ಕು ನೋಡಿ. ರಿಮೋಟ್ ಎಡಕ್ಕೆ ತಿರುಗಿಸಿದ್ರೆ ಚಕ್ರ ಬಲಕ್ಕೆ ಹೋಗ್ತಿದ್ಯಾ? ಸ್ಟಿಯರಿಂಗ್ ಚಾನೆಲ್‌ನ ರಿವರ್ಸ್ ಸ್ವಿಚ್ ಹಾಕಿ. ಆದ್ರೆ ಇದನ್ನ ಕಾರಿನ ಹಿಂದೆ ನಿಂತೇ ನೋಡಬೇಕು. ಕಾರು ನಿಮ್ಮ ಕಡೆ ಮುಖ ಮಾಡಿ ಬರುವಾಗ ಅದರ ಎಡ ನಿಮ್ಮ ಬಲ. ಅದು ದೋಷ ಅಲ್ಲ. ನೀವೇ ಕಾರಿನೊಳಗೆ ಕೂತಿದ್ದೀರಿ ಅಂತ ಅಂದ್ಕೊಂಡು ಓಡಿಸೋ ಅಭ್ಯಾಸ ಮಾಡ್ಕೊಳ್ಳಿ.

5. ತುದಿ ಕಟ್ಟಿ. ಎಂಡ್ ಪಾಯಿಂಟ್ ಅಥವಾ ಇಪಿಎ ಅನ್ನೋ ಸೆಟ್ಟಿಂಗ್ ಇದು. ಎಡಕ್ಕೆ ಪೂರ್ತಿ ತಿರುಗಿಸಿ ಕಿವಿ ಕೊಡಿ. ಗುಂಯ್ ಬಂತಾ? ಚಕ್ರದ ತಿರುಗು ಹಾಗೇ ಉಳಿದು ಸದ್ದು ಮಾತ್ರ ನಿಲ್ಲೋವರೆಗೆ ಎಡದ ಅಂಕಿ ಇಳಿಸಿ. ಬಲಕ್ಕೆ ಬೇರೆಯಾಗಿ ಮಾಡಿ. ಎರಡೂ ಅಂಕಿ ಒಂದೇ ಬರಬೇಕು ಅಂತೇನಿಲ್ಲ.

ಐದನೇ ಹೆಜ್ಜೆಯನ್ನ ಯಾರೂ ಬಿಡಬಾರದು. ತುದಿಗೆ ಸಿಕ್ಕಿಕೊಂಡ ಸರ್ವೊ ಸುಮ್ಮನೆ ಓಡೋದಕ್ಕಿಂತ ಎಷ್ಟೋ ಪಟ್ಟು ಕರೆಂಟ್ ಎಳೆಯುತ್ತೆ. ಮೊದಲು ಬಿಸಿ, ಆಮೇಲೆ ಹೊಗೆ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಬಹಳ ಕಾರುಗಳಲ್ಲಿ ಸರ್ವೊಗೂ ರಿಸೀವರ್‌ಗೂ ಕರೆಂಟ್ ಬರೋದು ಒಂದೇ ಕಡೆಯಿಂದ. ಸರ್ವೊ ಎಲ್ಲವನ್ನೂ ಎಳೆದುಕೊಂಡ್ರೆ ವೋಲ್ಟೇಜ್ ಬಿದ್ದು ರಿಸೀವರ್ ಒಂದು ಕ್ಷಣ ಮಂಪರಿಗೆ ಜಾರಬಹುದು. ಆ ಕ್ಷಣ ಕಾರು ಯಾರ ಮಾತೂ ಕೇಳೋದಿಲ್ಲ. ಜಗುಲಿ ಮೇಲೆ ಅಜ್ಜಿ ನಡೀತಾ ಇರ್ತಾರೆ, ಪುಟ್ಟ ಮಗು ಅಂಬೆಗಾಲಿಡ್ತಾ ಇರುತ್ತೆ. ಹಾಗಾಗಿ ರಿಮೋಟ್‌ನಲ್ಲಿ ಫೇಲ್‌ಸೇಫ್ ಇದ್ರೆ, ಸಿಗ್ನಲ್ ತಪ್ಪಿದಾಗ ಥ್ರಾಟಲ್ ನ್ಯೂಟ್ರಲ್‌ಗೋ ಬ್ರೇಕಿಗೋ ಬರೋ ಹಾಗೆ ಇಟ್ಟುಬಿಡಿ. ಕಾರು ಮಣೆ ಮೇಲಿರುವಾಗಲೇ ರಿಮೋಟ್ ಆಫ್ ಮಾಡಿ ಪರೀಕ್ಷೆ ಮಾಡಿ.

ಎರಡು ಚಕ್ರ ಒಂದೇ ಸಮ ತಿರುಗದಿದ್ರೆ?

ಪೂರ್ತಿ ತಿರುಗಿಸಿದಾಗ ಒಳಗಿನ ಚಕ್ರ ಜಾಸ್ತಿ, ಹೊರಗಿನದ್ದು ಕಡಿಮೆ ತಿರುಗಿರೋದು ನೋಡಿ "ಇದೂ ಸರಿ ಇಲ್ಲ" ಅಂತ ರಾಡ್ ಬಿಚ್ಚೋರಿದ್ದಾರೆ. ಬಿಚ್ಚಬೇಡಿ. ಶಿರಸಿಯಿಂದ ಕುಮಟಾಕ್ಕೆ ದೇವಿಮನೆ ಘಟ್ಟ ಇಳಿಯುವಾಗ ಬಸ್ಸು ತಿರುವಲ್ಲಿ ತಿರುಗೋದನ್ನ ನೆನಪಿಸಿಕೊಳ್ಳಿ. ಒಳಗಿನ ಚಕ್ರ ಸಣ್ಣ ವೃತ್ತದಲ್ಲಿ ಹೋಗುತ್ತೆ, ಹೊರಗಿನದ್ದು ದೊಡ್ಡ ವೃತ್ತದಲ್ಲಿ. ಎರಡೂ ಒಂದೇ ಕೋನದಲ್ಲಿದ್ರೆ ಒಂದು ಚಕ್ರ ಉಜ್ಜಿಕೊಂಡು ಹೋಗಬೇಕಾಗುತ್ತೆ. ಇದಕ್ಕೆ ಪರಿಹಾರ ಕಂಡುಕೊಂಡವನು ಮ್ಯೂನಿಕ್‌ನ ಸಾರೋಟು ತಯಾರಕ ಲಾಂಕೆನ್ಸ್‌ಪರ್ಗರ್, 1817ರ ಹೊತ್ತಿಗೆ. 1818ರಲ್ಲಿ ಲಂಡನ್ನಿನಲ್ಲಿ ಪೇಟೆಂಟ್ ಮಾಡಿಸಿದವನು ಅಕರ್ಮನ್. ಹೆಸರು ಉಳಿದಿದ್ದು ಪೇಟೆಂಟ್ ಮಾಡಿಸಿದವನದ್ದು! ಆ ಅಕರ್ಮನ್ ಸ್ಟಿಯರಿಂಗೇ ನಿಮ್ಮ ಆಟದ ಕಾರಲ್ಲೂ ಇರೋದು.

ಕೈಗೆ ಹಿತ ಆಗೋ ಹಾಗೆ

ಇಷ್ಟಾದ ಮೇಲೆ ನೆಲಕ್ಕಿಳಿಸಿ. ಸಮತಟ್ಟಾದ ಜಾಗದಲ್ಲಿ ನಿಧಾನ ಓಡಿಸಿ ಸ್ಟಿಯರಿಂಗ್ ಕೈಬಿಡಿ. ಸ್ವಲ್ಪ ಎಳೆದ್ರೆ ಈಗ ಟ್ರಿಮ್ ಮುಟ್ಟಬಹುದು, ಒಂದೆರಡು ಕ್ಲಿಕ್. ಅದಕ್ಕೂ ಬಗ್ಗದಿದ್ರೆ ಟ್ರಿಮ್ ಇನ್ನೂ ಏರಿಸಬೇಡಿ. ಯಾವುದಾದ್ರೂ ಚಕ್ರ ಬಿಗಿ ಆಗಿದ್ಯಾ, ಆಕ್ಸಲ್‌ಗೆ ಕೂದಲು ಸುತ್ತಿಕೊಂಡಿದ್ಯಾ, ರಾಡ್ ಬಾಗಿದ್ಯಾ ನೋಡಿ. ಕಲ್ಲಿಗೆ ಗುದ್ದಿದಾಗ ಸರ್ವೊ ಹಲ್ಲು ಉಳಿಸೋ ಸ್ಪ್ರಿಂಗು, ಅಂದ್ರೆ ಸರ್ವೊ ಸೇವರ್, ಸಡಿಲ ಆಗಿದ್ರೂ ಕಾರು ಒಂದೊಂದು ಸಲ ಒಂದೊಂದು ಕಡೆ ಹೋಗುತ್ತೆ.

ವೇಗದಲ್ಲಿ ಕಾರು ಪಲ್ಟಿ ಹೊಡೀತಿದ್ರೆ ಡ್ಯೂಯಲ್ ರೇಟ್ ಇಳಿಸಿ, ಒಟ್ಟು ತಿರುಗು ಕಡಿಮೆ ಆಗುತ್ತೆ. ಪೂರ್ತಿ ತಿರುಗು ಬೇಕು, ಆದ್ರೆ ಮಧ್ಯದಲ್ಲಿ ಕಾರು ಚುರುಕು ಜಾಸ್ತಿ ಅನ್ನಿಸಿದ್ರೆ ಎಕ್ಸ್‌ಪೊ ಬಳಸಿ. ಪ್ಲಸ್ಸೋ ಮೈನಸ್ಸೋ ಅನ್ನೋದು ಕಂಪನಿಯಿಂದ ಕಂಪನಿಗೆ ಬೇರೆ. ಸ್ವಲ್ಪ ಹಾಕಿ ಓಡಿಸಿ ನೋಡಿ.

ಬೆಂಗಳೂರಿಂದ ಓಡಿದ ಕಾರು

ಸರ್ವೊ ಇಲ್ಲದೆಯೂ ತಿರುಗೋ ಗಾಡಿ ಇದೆ. ಎಡದ ಚಕ್ರಗಳ ವೇಗ ಬೇರೆ, ಬಲದ್ದು ಬೇರೆ ಮಾಡಿದ್ರೆ ಗಾಡಿ ತಿರುಗುತ್ತೆ, ಟ್ಯಾಂಕರ್ ಅಲ್ಲ, ಯುದ್ಧದ ಟ್ಯಾಂಕ್ ತಿರುಗೋ ಹಾಗೆ. 2023ರ ಆಗಸ್ಟ್‌ನಲ್ಲಿ ಚಂದ್ರನ ಮೇಲೆ ಓಡಿದ ಪ್ರಜ್ಞಾನ್ ಆರು ಚಕ್ರದ ಅಂಥ ಗಾಡಿ, ತೂಕ 26 ಕೆಜಿ. ಆದೇಶ ಹೋಗ್ತಿದ್ದಿದ್ದು ಬೆಂಗಳೂರಿನ ಇಸ್ಟ್ರಾಕ್‌ನಿಂದ. ರೇಡಿಯೊ ಸಿಗ್ನಲ್ ಚಂದ್ರ ಮುಟ್ಟೋಕೇ ಸುಮಾರು 1.3 ಸೆಕೆಂಡ್. ಆಗಸ್ಟ್ 27ರಂದು ಮೂರು ಮೀಟರ್ ಮುಂದೆ ನಾಲ್ಕು ಮೀಟರ್ ಅಗಲದ ಕುಳಿ ಕಂಡಾಗ, ಬಂದ ದಾರಿಯಲ್ಲೇ ವಾಪಸ್ ಹೋಗು ಅಂತ ಆದೇಶ ಕೊಟ್ಟರು. ಓಡ್ತಾ ಓಡ್ತಾ ಟ್ರಿಮ್ ತಿರುಗಿಸಿ ಸರಿಮಾಡ್ತೀನಿ ಅನ್ನೋ ಅವಕಾಶ ಅಲ್ಲಿಲ್ಲ. ಮಧ್ಯ ಎಲ್ಲಿ, ಮಿತಿ ಎಲ್ಲಿ ಅನ್ನೋದು ಹೊರಡೋ ಮೊದಲೇ ಗೊತ್ತಿರಬೇಕು.

ಹುಡುಗನ ಕಾರಿಗೆ ಮೂರನೇ ಸರ್ವೊ ಬೇಕಾಗಲಿಲ್ಲ. ಸ್ಕ್ರೂಡ್ರೈವರ್ ಅವನ ಕೈಯಲ್ಲೇ ಇತ್ತು, ನಾನು ಕ್ರಮ ಹೇಳ್ತಾ ಹೋದೆ. ಹಾರ್ನ್ ಹಲ್ಲು ಸರಿ ಕೂತ ಮೇಲೆ ಟ್ರಿಮ್ ಎರಡು ಕ್ಲಿಕ್ಕಿಗೆ ಮುಗೀತು. ಎಂಡ್ ಪಾಯಿಂಟ್ ಇಳಿಸಿದ ಮೇಲೆ ಸರ್ವೊ ತಣ್ಣಗಾಯ್ತು. ನಂಗೆ ಖುಷಿ ಆಗಿದ್ದು ಆಮೇಲೆ. ಹಳೇ ಸರ್ವೊ ಕೈಲಿ ಹಿಡ್ಕೊಂಡು, "ಹಂಗಾರೆ ಇದೂ ಇದೇ ಕಾರಣಕ್ಕೆ ಸುಟ್ಟಿದ್ದಿಕ್ಕಾ ಮಾವಾ?" ಅಂತ ಕೇಳಿದ. ಇರಬಹುದು. ಆದ್ರೆ ಆ ಪ್ರಶ್ನೆ ಬಂತಲ್ಲ, ಅದು ಕಾರಿಗಿಂತ ಜಾಸ್ತಿ ಬಾಳಿಕೆ ಬರೋ ವಸ್ತು.

ನಿಮ್ಮ ಮನೆಯಲ್ಲೂ ಕಪಾಟಿನ ಮೇಲೆ ಅಂಥದ್ದೊಂದು ಇದ್ರೆ ಈ ಭಾನುವಾರ ಕೆಳಗಿಳಿಸಿ. ರಿಮೋಟ್‌ನ ಬ್ಯಾಟರಿ ಬದಲಿಸಿ, ಟ್ರಿಮ್ ಸೊನ್ನೆ ಮಾಡಿ, ಹಾರ್ನ್ ಬಿಚ್ಚೋಕೆ ಸ್ಕ್ರೂಡ್ರೈವರನ್ನ ಮಗನ ಕೈಗೋ ಮಗಳ ಕೈಗೋ ಕೊಡಿ. ನೀವು ಪಕ್ಕದಲ್ಲಿ ಕೂತು ಆ ಗುಂಯ್ ಸದ್ದಿಗೆ ಕಿವಿ ಕೊಟ್ರೆ ಸಾಕು.