ಕೇಳಿ ಬರೆದುಕೊಂಡರೆ ಸಾಲದು, ಮಾಡಿಸಿ ನೋಡಬೇಕು

ಮಾನಸಿಕ ಅಂಗವೈಕಲ್ಯದ ಪ್ರಮಾಣಪತ್ರಕ್ಕೆ ಸಹಿ ಹಾಕುವ ಮಂಡಳಿಯ ಅಧ್ಯಕ್ಷರಿಗೆ ಬಹಿರಂಗ ಪತ್ರ



ಸ್ಕಿಜೋಫ್ರೇನಿಯಾ ಎಂದೊಡನೆ ಜನರಿಗೆ ನೆನಪಾಗುವುದು ಯಾರೂ ಇಲ್ಲದಾಗ ಕಿವಿಗೆ ಬೀಳುವ ದನಿ, ಬುಡವಿಲ್ಲದ ಸಂಶಯ, ತನ್ನಷ್ಟಕ್ಕೆ ತಾನೇ ಆಡುವ ಮಾತು. ಮಾತ್ರೆ, ಇಂಜೆಕ್ಷನ್ನುಗಳಿಂದ ಇವು ಬಹಳ ಮಂದಿಯಲ್ಲಿ ಹತೋಟಿಗೆ ಬರುತ್ತವೆ. ಅಷ್ಟು ಸುಲಭವಾಗಿ ಹತೋಟಿಗೆ ಬಾರದ ಇನ್ನೊಂದು ತೊಂದರೆ ಉಳಿಯುತ್ತದೆ. ಗಮನ ಒಂದೆಡೆ ನಿಲ್ಲುವುದಿಲ್ಲ. ಈಗಷ್ಟೇ ಕೇಳಿದ್ದು ಕೆಲಸ ಮುಗಿಯುವ ತನಕ ತಲೆಯಲ್ಲಿ ಉಳಿಯುವುದಿಲ್ಲ. ಯಾವುದು ಮೊದಲು, ಯಾವುದು ಆಮೇಲೆ ಎಂಬುದು ಹೊಂದುವುದಿಲ್ಲ. ಆಲೋಚನೆಯ ವೇಗವೇ ತಗ್ಗಿರುತ್ತದೆ. ಕಾಯಿಲೆ ಮೊದಲ ಸಲ ಕಾಣಿಸಿಕೊಳ್ಳುವಾಗಲೇ ಈ ಕೊರತೆ ಬಹುಪಾಲು ರೋಗಿಗಳಲ್ಲಿ ಇರುತ್ತದೆ, ಈಗಿರುವ ಔಷಧಗಳಿಂದ ಅದು ಹೆಚ್ಚೇನೂ ಕಡಿಮೆಯಾಗುವುದಿಲ್ಲ. ರೋಗಿ ಮತ್ತೆ ದುಡಿಯಬಲ್ಲನೇ, ಇನ್ನೊಬ್ಬರ ಆಸರೆಯಿಲ್ಲದೆ ಬಾಳಬಲ್ಲನೇ ಎಂಬುದು ದನಿ, ಭ್ರಮೆಗಳಿಗಿಂತ ಹೆಚ್ಚಾಗಿ ಇದರ ಮೇಲೆ ನಿಂತಿದೆ.

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ತಾಲ್ಲೂಕುಗಳ ಮನೆಗಳಲ್ಲಿ ಈ ಕೊರತೆ ದಿನವೂ ಕಾಣುತ್ತದೆ. ಡೇರಿಗೆ ಹಾಲು ಹಾಕಲು ಹೋದವನು ಕ್ಯಾನು ಅಲ್ಲೇ ಬಿಟ್ಟು ಮನೆಗೆ ಬರುತ್ತಾನೆ. ನಾಲೆಯಲ್ಲಿ ಸರದಿಯ ಕಟ್ಟು ಪದ್ಧತಿಯಂತೆ ನೀರು ಬಿಟ್ಟ ದಿನ ಗದ್ದೆಗೆ ನೀರು ತಿರುಗಿಸುತ್ತಾನೆ, ಕಟ್ಟುವ ಹೊತ್ತು ಮರೆಯುತ್ತಾನೆ, ಪಕ್ಕದ ಗದ್ದೆಯವರೊಂದಿಗೆ ಜಗಳವಾಗುತ್ತದೆ. ಮುದ್ದೆಗೆ ಎಸರಿಟ್ಟ ಹೆಣ್ಣುಮಗಳು ಹಿಟ್ಟು ತರಲು ಒಳಗೆ ಹೋಗಿ, ಏಕೆ ಬಂದೆನೆಂದು ತಿಳಿಯದೆ ನಿಂತುಬಿಡುತ್ತಾಳೆ. ಊರವರು ಇದನ್ನು ಸೋಮಾರಿತನ ಎನ್ನುತ್ತಾರೆ. ಇದೇ ಮಂದಿಯನ್ನು ಹೆಸರೇನು, ಯಾವ ಊರು, ಇವತ್ತು ಯಾವ ವಾರ ಎಂದು ಕೇಳಿದರೆ ತಪ್ಪಿಲ್ಲದೆ ಹೇಳುತ್ತಾರೆ.

ತಮ್ಮ ಮಂಡಳಿ ಕೇಳಿದ್ದೂ ಅಷ್ಟೇ. ನಡೆದದ್ದು ನಾಲ್ಕೂ ತಾಲ್ಲೂಕಿನವರಿಗೆ ಗೊತ್ತಿರುವ ಕಥೆ. ರೋಗಿಗಳು ಹೆಸರು ಹೇಳಿದರು, ಅಂಗಿಯ ಗುಂಡಿ ಸರಿಯಾಗಿತ್ತು, ಹೇಳಿದ ಹೊತ್ತಿಗೆ ಹಾಜರಾಗಿದ್ದರು. ಅಂಗವೈಕಲ್ಯ ಶೇ 40ಕ್ಕಿಂತ ಕಡಿಮೆ ಎಂದು ಬರೆಯಲಾಯಿತು. ಹೊತ್ತಿಗೆ ಸರಿಯಾಗಿ ಹಾಜರಾದದ್ದು ಸಾಮರ್ಥ್ಯಕ್ಕೆ ಸಾಕ್ಷಿಯಾಯಿತು. ಎಬ್ಬಿಸಿ, ಸ್ನಾನ ಮಾಡಿಸಿ, ಎರಡು ಬಸ್ಸು ಬದಲಿಸಿ ಕರೆತಂದ ತಾಯಂದಿರನ್ನು ಹೊರಗೆ ಬೆಂಚಿನ ಮೇಲೆ ಕೂರಿಸಲಾಗಿತ್ತು. ಮನೆಯವರು ತಕರಾರು ತೆಗೆದಾಗ ಮಂಡಳಿ ಒಂದು ಮಾತು ಕೊಟ್ಟಿತು: ಮರುಪರೀಕ್ಷೆಯಲ್ಲಿ ದಿನನಿತ್ಯದ ಕೆಲಸಗಳನ್ನು ಮಾಡಿಸಿಯೇ ನೋಡಲಾಗುವುದು, ಅದನ್ನು ತಾಲ್ಲೂಕಿಗೇ ಬಂದು ಮಾಡಲಾಗುವುದು. ಅರ್ಜಿ ಹೋಯಿತು, ನೆನಪೋಲೆಗಳು ಹೋದವು, ಖುದ್ದು ಭೇಟಿಯೂ ಆಯಿತು. ಕೊನೆಗೆ ಮರುಪರೀಕ್ಷೆ ನಡೆದದ್ದು ಅದೇ ಕೊಠಡಿಯಲ್ಲಿ, ಅವೇ ಪ್ರಶ್ನೆಗಳಿಂದ.

ಶೇ 40 ಎಂಬ ಗೆರೆ ಏಕೆ ಮುಖ್ಯ ಎಂಬುದು ಕಾನೂನಿನಲ್ಲಿದೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಗುರುತಿಸಿದ 21 ಬಗೆಯ ಅಂಗವೈಕಲ್ಯಗಳಲ್ಲಿ ಮಾನಸಿಕ ಕಾಯಿಲೆಯೂ ಒಂದು. ಸರ್ಕಾರಿ ಹುದ್ದೆಗಳಲ್ಲಿ ಅಂಗವಿಕಲರಿಗಿರುವ ಶೇ 4ರ ಮೀಸಲಾತಿಯಲ್ಲಿ ಶೇ 1 ಮಾನಸಿಕ ಕಾಯಿಲೆ, ಆಟಿಸಂ, ಬೌದ್ಧಿಕ ನ್ಯೂನತೆ, ಬಹುವಿಧ ಅಂಗವೈಕಲ್ಯ ಮೊದಲಾದವುಗಳಿಗೆ ಒಟ್ಟಾಗಿ ಸೇರಿದೆ. ಅದೂ ಮಾಸಾಶನವೂ ಸಿಗುವುದು ಗೆರೆ ದಾಟಿದವರಿಗೆ ಮಾತ್ರ. ಅಳೆಯಲು ದೇಶದಲ್ಲಿ ಬಳಕೆಯಲ್ಲಿರುವುದು ಭಾರತೀಯ ಮನೋವೈದ್ಯಕೀಯ ಸಂಘದ ಸಮಿತಿ ರೂಪಿಸಿದ ‘ಐಡಿಯಾಸ್’ ಮಾಪಕ. ಸ್ವಂತ ಆರೈಕೆ, ಜನರೊಂದಿಗಿನ ಒಡನಾಟ, ಮಾತುಕತೆ ಮತ್ತು ತಿಳಿವಳಿಕೆ, ಕೆಲಸ ಎಂಬ ನಾಲ್ಕು ವಿಭಾಗಗಳಿಗೆ ಸೊನ್ನೆಯಿಂದ 4ರವರೆಗೆ ಅಂಕ, ಕಾಯಿಲೆ ಎಷ್ಟು ವರ್ಷದ್ದು ಎಂಬುದಕ್ಕೆ ಬೇರೆ ಅಂಕ. ಮಾಪಕದಲ್ಲಿ ದೋಷ ಹುಡುಕುವುದು ಈ ಪತ್ರದ ಉದ್ದೇಶವಲ್ಲ. ರೋಗಿಯ ಜೊತೆಗೆ ಆರೈಕೆ ಮಾಡುವವರನ್ನೂ ಕೂಲಂಕಷವಾಗಿ ಕೇಳಬೇಕೆಂಬುದು ಅದರ ರೀತಿಯೇ ಆಗಿದೆ. ಹಾಗೆ ಕೇಳಿದರೂ ಅದು ಸಂದರ್ಶನವೇ. ಕೆಲಸ ಮಾಡುತ್ತೀಯಾ ಎಂದರೆ, ತನ್ನ ಕೊರತೆ ತನಗೇ ಅರಿವಾಗದ ರೋಗಿ ಹೂಂ ಎನ್ನುತ್ತಾನೆ. ಅರಿವಾಗದಿರುವುದೂ ಈ ಕಾಯಿಲೆಯ ಒಂದು ಭಾಗ.

ಆಲೋಚನಾಶಕ್ತಿಯನ್ನು ನೇರವಾಗಿ ಅಳೆಯುವ ಕಾಗದ, ಪೆನ್ಸಿಲ್ಲಿನ ಪರೀಕ್ಷೆಗಳು ಬಹಳ ಹಿಂದಿನಿಂದ ಇವೆ. ಅಂಕಿಗಳನ್ನು ಹಿಂದುಮುಂದಾಗಿ ಹೇಳುವುದು, ಗುರುತುಗಳನ್ನು ಹೊಂದಿಸುವುದು, ಪದಗಳ ಪಟ್ಟಿಯನ್ನು ನೆನಪಿಡುವುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಶೋಭಿನಿ ರಾವ್ ಮತ್ತು ಸಂಗಡಿಗರು ಭಾರತೀಯರಿಗೆ ಹೊಂದುವ ಇಂಥ ಪರೀಕ್ಷೆಗಳ ಸರಣಿಯನ್ನು 2004ರಲ್ಲಿ ಪ್ರಕಟಿಸಿದರು. ಗಮನ ಕೆಟ್ಟಿದೆಯೇ, ನೆನಪು ಕೆಟ್ಟಿದೆಯೇ ಎಂದು ಇವು ಹೇಳುತ್ತವೆ. ಆದರೆ ಅಂಕಿ ಮರೆತವನು ಬಸ್ಸನ್ನೂ ತಪ್ಪಿಸಿಕೊಳ್ಳುತ್ತಾನೆಯೇ ಎಂದು ಖಚಿತವಾಗಿ ಹೇಳಲಾರವು. ಆ ಕಂದರವನ್ನು ತುಂಬಲು ಕೆಲಸವನ್ನೇ ಮಾಡಿಸಿ ನೋಡುವ ಪರೀಕ್ಷೆಗಳು ಹುಟ್ಟಿದವು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಥಾಮಸ್ ಪ್ಯಾಟರ್ಸನ್ ತಂಡ 2001ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ರೋಗಿ ಚಿಲ್ಲರೆ ಎಣಿಸಬೇಕು, ಬಿಲ್ಲು ಕಟ್ಟುವುದನ್ನು ತೋರಿಸಬೇಕು, ಫೋನು ಮಾಡಬೇಕು, ಬಸ್ಸಿನ ನಕ್ಷೆ ಓದಬೇಕು.

ಅದರ ಮುಂದಿನ ಹೆಜ್ಜೆ ವರ್ಚುವಲ್ ರಿಯಾಲಿಟಿ. ಡ್ಯೂಕ್ ವಿಶ್ವವಿದ್ಯಾಲಯದ ರಿಚರ್ಡ್ ಕೀಫ್ ಮತ್ತು ಸಂಗಡಿಗರು ರೂಪಿಸಿದ ‘ವಿಆರ್‌ಎಫ್‌ಕ್ಯಾಟ್’ ಇದರಲ್ಲಿ ಹೆಚ್ಚು ಬಳಕೆಯಾಗಿರುವುದು. ಹೆಸರು ಕೇಳಿ ಗಾಬರಿಯಾಗಬೇಕಿಲ್ಲ, ತಲೆಗೆ ಕಟ್ಟಿಕೊಳ್ಳುವ ಕನ್ನಡಕವೂ ಬೇಡ, ಪರದೆಯ ಮೇಲೆ ನಡೆಯುವ ಪರೀಕ್ಷೆ ಅದು. ರೋಗಿ ಒಂದು ಅಡುಗೆಮನೆಯಲ್ಲಿರುತ್ತಾನೆ. ಪಾಕವಿಧಾನ ನೋಡಿ, ಕಪಾಟು ತೆರೆದು, ಯಾವ ಸಾಮಾನು ಇಲ್ಲ ಎಂದು ಪತ್ತೆಮಾಡಬೇಕು. ಸರಿಯಾದ ಬಸ್ಸು ಹಿಡಿಯಬೇಕು, ಸರಿಯಾದ ಚಿಲ್ಲರೆ ಕೊಡಬೇಕು. ಅಂಗಡಿಯಲ್ಲಿ ಪಟ್ಟಿಯಂತೆ ಕೊಂಡು, ಹಣ ಕೊಟ್ಟು, ಮತ್ತೆ ಬಸ್ಸಿನಲ್ಲಿ ಮನೆ ಸೇರಬೇಕು. ಒಟ್ಟು 12 ಗುರಿಗಳು, ಸುಮಾರು ಅರ್ಧ ಗಂಟೆ. ಒಂದೆಡೆ ಸಿಕ್ಕಿಕೊಂಡರೆ ಯಂತ್ರವೇ ಮುಂದಕ್ಕೆ ದಾಟಿಸುತ್ತದೆ, ಪರೀಕ್ಷೆ ನಿಲ್ಲುವುದಿಲ್ಲ. ತೆಗೆದುಕೊಂಡ ಹೊತ್ತು, ಮಾಡಿದ ತಪ್ಪು ಎರಡೂ ತಾನಾಗಿ ದಾಖಲಾಗುತ್ತವೆ. ಪರೀಕ್ಷಕರು ಮೃದುವೋ ಒರಟೋ, ಅವರಿಗೆ ಅವಸರವಿದೆಯೋ ಇಲ್ಲವೋ ಎಂಬುದರಿಂದ ಅಂಕ ಬದಲಾಗುವುದಿಲ್ಲ. ಇದೇ ಅದರ ದೊಡ್ಡ ಗುಣ. ಕಥೆಯ ಬೇರೆ ಬೇರೆ ರೂಪಗಳಿರುವುದರಿಂದ ಮರುಪರೀಕ್ಷೆಗೂ ಆಗುತ್ತದೆ.

ಸ್ಕಿಜೋಫ್ರೇನಿಯಾದ ಆಲೋಚನಾ ಕೊರತೆಗೆ ಔಷಧ ತರುವವರು ಪರೀಕ್ಷೆಯ ಅಂಕ ಏರಿದರೆ ಸಾಲದು, ದಿನದ ಬದುಕಿನಲ್ಲೂ ಪ್ರಯೋಜನ ತೋರಿಸಬೇಕು ಎಂಬುದು ಅಮೆರಿಕದ ಔಷಧ ನಿಯಂತ್ರಕರು ಎರಡು ದಶಕಗಳಿಂದ ಹಿಡಿದಿರುವ ನಿಲುವು. ಐಕ್ಲೆಪರ್ಟಿನ್ ಎಂಬ ಔಷಧದ ದೊಡ್ಡ ಪ್ರಯೋಗಗಳಲ್ಲಿ ಈ ಪರದೆಯ ಅಡುಗೆಮನೆ, ಬಸ್ಸುಗಳೇ ಅಳತೆಗೋಲುಗಳಲ್ಲಿ ಒಂದಾಗಿದ್ದವು. ಔಷಧ ಗುರಿ ಮುಟ್ಟಲಿಲ್ಲವೆಂದು ಕಂಪನಿಯೇ 2025ರಲ್ಲಿ ಪ್ರಕಟಿಸಿತು. ಒಂದು ಮಾತ್ರೆಯ ಹಣೆಬರಹ ತೀರ್ಮಾನಿಸಲು ಮಾಡಿಸಿ ನೋಡುತ್ತಾರೆ. ಒಬ್ಬ ಮನುಷ್ಯನ ಮಾಸಾಶನ ತೀರ್ಮಾನಿಸಲು ಅದು ಬೇಡವೆ?

ಕನ್ನಡಕದ ಬಗೆಯ ವರ್ಚುವಲ್ ರಿಯಾಲಿಟಿಯನ್ನು ರೋಗಿಗಳು ತಡೆದುಕೊಳ್ಳಲಾರರು ಎಂಬ ಅಂಜಿಕೆಗೂ ಉತ್ತರವಿದೆ. ಆಕ್ಸ್‌ಫರ್ಡ್‌ನ ಡೇನಿಯಲ್ ಫ್ರೀಮನ್ ತಂಡ 2022ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಾಸ್ತವದ ಅರಿವು ತಪ್ಪಿಸುವ ಸೈಕೋಸಿಸ್ ಇರುವ 346 ಮಂದಿ ಭಾಗವಹಿಸಿದ್ದರು. ಅವರಲ್ಲಿ ಚಿಕಿತ್ಸೆಗೆ ಆಯ್ಕೆಯಾದವರು ಕೃತಕ ಬಸ್ಸು, ಅಂಗಡಿ, ಬೀದಿಗಳಲ್ಲಿ ಓಡಾಡುವ ಅಭ್ಯಾಸ ಮಾಡಿದರು. ಅದು ಅಳತೆಯಲ್ಲ, ಹೊರಗೆ ಹೋಗುವ ಭಯಕ್ಕೆ ಚಿಕಿತ್ಸೆ. ಆದರೂ ಇಂಥ ದೃಶ್ಯಗಳೊಳಗೆ ರೋಗಿಗಳನ್ನು ಸುರಕ್ಷಿತವಾಗಿ ಕರೆದೊಯ್ಯಬಹುದೆಂದು ತೋರಿಸಿತು.

ವಿಆರ್‌ಎಫ್‌ಕ್ಯಾಟ್‌ನ ಅಮೆರಿಕದ ಅಡುಗೆಮನೆಯನ್ನು ಹಾಗೆಯೇ ತಂದು ನಾಗಮಂಗಲದ ರಾಗಿ ಬೆಳೆಗಾರನ ಮುಂದಿಟ್ಟರೆ ಅನ್ಯಾಯವಾಗುತ್ತದೆ. ಅವನು ತಪ್ಪುವುದು ಕಾಯಿಲೆಯಿಂದಲೋ, ಕಂಡಿಲ್ಲದ ಕಪಾಟಿನಿಂದಲೋ ತಿಳಿಯುವುದಿಲ್ಲ. ಇಲ್ಲಿ ಬಸ್ಸು ಹಿಡಿಯುವವರು ಬೋರ್ಡನ್ನೇ ನಂಬಿ ಹತ್ತುವುದು ಕಡಿಮೆ, ಪಾಂಡವಪುರಕ್ಕೆ ಹೋಗುತ್ತಾ ಎಂದು ಕಂಡಕ್ಟರನ್ನು ಕೇಳುತ್ತಾರೆ. ಕೇಳುವುದು ತಿಳಿದಿರುವುದೂ ಸಾಮರ್ಥ್ಯವೇ, ಪರೀಕ್ಷೆ ಅದಕ್ಕೆ ಅಂಕ ಕೊಡಬೇಕು. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದ ಮಹಿಳೆಯರಿಗೆ ಪ್ರಯಾಣ ಉಚಿತ. ಹಾಗಾಗಿ ಚಿಲ್ಲರೆ ಎಣಿಸುವ ಪ್ರಶ್ನೆ ಅವರಿಗೆ ಹೊಂದುವುದಿಲ್ಲ. ಗುರುತಿನ ಚೀಟಿ ನೆನಪಿಟ್ಟು ತಂದು, ತೋರಿಸಿ, ಶೂನ್ಯ ದರದ ಟಿಕೆಟ್ ಪಡೆದಳೇ ಎಂಬುದನ್ನು ನೋಡಬೇಕು. ನ್ಯಾಯಬೆಲೆ ಅಂಗಡಿ, ಡೇರಿಯ ಸಾಲು, ಒಲೆಯ ಮೇಲಿನ ಎಸರು, ಬಸ್ ನಿಲ್ದಾಣ, ಇವು ಇಲ್ಲಿನ ದೃಶ್ಯಗಳು. ಇದೇ ಊರುಗಳ ಆರೋಗ್ಯವಂತರು, ಓದಿದವರೂ ಓದದವರೂ, ಹರೆಯದವರೂ ಮುದುಕರೂ ಮೊದಲು ಆ ಪರೀಕ್ಷೆ ಮಾಡಿರಬೇಕು. ಇಲ್ಲದಿದ್ದರೆ ರೋಗಿಯ ಅಂಕವನ್ನು ಯಾವುದಕ್ಕೆ ಹೋಲಿಸುವುದು? ಟ್ಯಾಬ್ ಮುಟ್ಟಿ ಗೊತ್ತಿಲ್ಲದವರಿಗೆ ಮೊದಲು ಕೈ ಪಳಗಿಸಬೇಕು.

ಅಂಥದ್ದು ಸಿದ್ಧವಾಗುವ ತನಕ ಮಾಡಿಸಿ ನೋಡಲು ಪರದೆಯೇ ಬೇಕೆಂದಿಲ್ಲ. ತಾಲ್ಲೂಕು ಆಸ್ಪತ್ರೆಯ ಎದುರಿನ ಅಂಗಡಿ ಸಾಕು. ನೂರು ರೂಪಾಯಿ ಕೊಟ್ಟು, ನಾಲ್ಕು ಸಾಮಾನು ಹೇಳಿ, ಒಬ್ಬ ಸಿಬ್ಬಂದಿ ಹತ್ತು ಹೆಜ್ಜೆ ಹಿಂದೆ ನಡೆದು ಬರೆದುಕೊಂಡರೆ, ಮುಚ್ಚಿದ ಕೊಠಡಿಯ ಪ್ರಶ್ನೋತ್ತರಕ್ಕಿಂತ ಹೆಚ್ಚು ತಿಳಿಯುತ್ತದೆ. ಇದನ್ನು ಯಾರೂ ಕೋಟಿ ರೂಪಾಯಿಯ ಯೋಜನೆಯಾಗಿ ಕೇಳಿರಲಿಲ್ಲ. ಮಂಡಳಿ ತಾನೇ ಕೊಟ್ಟ ಮಾತು ಇದು.

ಹಳ್ಳಿಗೆ ಹೋಗಿ ನೋಡುವುದು ಆಗದ ಕೆಲಸ ಎಂಬ ನೆಪ ಈ ರಾಜ್ಯದಲ್ಲಿ ನಿಲ್ಲುವುದಿಲ್ಲ. 1980ರ ದಶಕದಲ್ಲಿ ಬಳ್ಳಾರಿಯಲ್ಲಿ ನಿಮ್ಹಾನ್ಸ್ ನಡೆಸಿದ ಪ್ರಯೋಗವೇ 1996ರಲ್ಲಿ ಶುರುವಾದ ರಾಷ್ಟ್ರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ತೀರ್ಥಹಳ್ಳಿ ತಾಲ್ಲೂಕಿನಲ್ಲಿ ನಿಮ್ಹಾನ್ಸ್ ವೈದ್ಯರು ಹಳ್ಳಿಗಳ ಸ್ಕಿಜೋಫ್ರೇನಿಯಾ ರೋಗಿಗಳನ್ನು ವರ್ಷಗಟ್ಟಲೆ ಅನುಸರಿಸಿ, ಚಿಕಿತ್ಸೆ ಮುಂದುವರಿಸಿದವರಲ್ಲಿ ಅಂಗವೈಕಲ್ಯ ತಗ್ಗುವುದನ್ನು ಇದೇ ಐಡಿಯಾಸ್ ಮಾಪಕದಿಂದ ಅಳೆದು ತೋರಿಸಿದ್ದಾರೆ. ಅಂಥದೇ ಕೆಲಸ ನಡೆದ ತುರುವೇಕೆರೆ, ನಾಗಮಂಗಲದ ಮಗ್ಗುಲಲ್ಲೇ ಇದೆ. ಗಡಿಯ ಆಚೆ ಆದದ್ದು ಈಚೆ ಏಕೆ ಆಗದು ಎಂಬುದಕ್ಕೆ ಮಂಡಳಿ ಉತ್ತರ ಕೊಡಬೇಕು.

ಉತ್ತರವಿಲ್ಲದಿರುವುದೇ ಈಗ ರೂಢಿಯಾಗಿಬಿಟ್ಟಿದೆ. ಕಾಲು ಇಲ್ಲದವರ ಕೊರತೆ ಕಣ್ಣಿಗೆ ಕಾಣುತ್ತದೆ, ಸಹಿ ಬೀಳುತ್ತದೆ. ಕಾಣದ ಅಂಗವೈಕಲ್ಯದವರು ಸುಳ್ಳುಗಾರರಂತೆ ನಿಲ್ಲಬೇಕು. ಮಗ ಏನೂ ಮಾಡಲಾರ ಎಂದು ಹೆತ್ತವಳು ಅಪರಿಚಿತರ ಎದುರು, ಅವನ ಎದುರೇ, ಕೂಗಿ ಹೇಳಿದರೆ ಮಾತ್ರ ನಂಬಿಕೆ. ಸಹಾಯದ ಹಣ ಸಿಗದಿದ್ದರೆ ಬಸ್ ಚಾರ್ಜಿಗೂ ಗತಿಯಿಲ್ಲದೆ ಇಂಜೆಕ್ಷನ್ ತಪ್ಪುತ್ತದೆ, ಇಂಜೆಕ್ಷನ್ ತಪ್ಪಿದರೆ ದನಿಗಳು ಮರಳುತ್ತವೆ. ಆಗ ಅದೇ ಮಂಡಳಿ ಶೇ 40 ದಾಟಿದೆ ಎಂದು ಬರೆಯುತ್ತದೆ. ಮನುಷ್ಯ ಹಾಳಾದ ಮೇಲೆಯೇ ಅರ್ಹನಾಗುವ ಈ ಲೆಕ್ಕವನ್ನು ಯಾವ ಕಾಯ್ದೆಯೂ ಹೇಳಿಲ್ಲ.

ಆದ್ದರಿಂದ ಹಳೆಯ ಕೊಠಡಿಯಲ್ಲಿ ನಡೆದ ಮರುಪರೀಕ್ಷೆಗಳನ್ನು ರದ್ದುಮಾಡಬೇಕು. ನಾಲ್ಕೂ ತಾಲ್ಲೂಕು ಆಸ್ಪತ್ರೆಗಳಲ್ಲಿ ದಿನ ಗೊತ್ತುಮಾಡಿ, ಆರೈಕೆ ಮಾಡುವವರನ್ನು ಒಳಗೆ ಕೂರಿಸಿ, ರೋಗಿಯಿಂದ ಕೆಲಸ ಮಾಡಿಸಿ ನೋಡಬೇಕು. ಕಂಡದ್ದನ್ನು ಬರೆದು ಅದರ ಪ್ರತಿಯನ್ನು ಮನೆಯವರಿಗೆ ಕೊಡಬೇಕು. ಕನ್ನಡದ ಪರದೆ ಪರೀಕ್ಷೆಯೊಂದನ್ನು ರೂಪಿಸಿಕೊಡುವಂತೆ ಮಂಡಳಿ ನಿಮ್ಹಾನ್ಸ್‌ಗೆ ಬರೆಯಬೇಕು. ತಾಲ್ಲೂಕಿನಲ್ಲಿ ಮೊದಲ ಪರೀಕ್ಷೆ ಯಾವ ದಿನ ಎಂಬುದನ್ನು ಲಿಖಿತವಾಗಿ, ಸಹಿ ಮತ್ತು ಮೊಹರಿನೊಂದಿಗೆ ತಿಳಿಸಬೇಕು. ಬಾಯಿಮಾತನ್ನು ಈ ಕುಟುಂಬಗಳು ಇನ್ನು ಸ್ವೀಕರಿಸುವುದಿಲ್ಲ.

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ತಾಲ್ಲೂಕುಗಳ ರೋಗಿಗಳ ಕುಟುಂಬಗಳ ಪರವಾಗಿ