ಮುಕ್ತ ಮಾರುಕಟ್ಟೆ ಯಾರಿಗೆ ಮುಕ್ತ?

ಒಂಟಿ ರೈತನ ಮಾತಿಗೆ ಕಾರ್ಖಾನೆಯಲ್ಲಿ ಬೆಲೆಯಿಲ್ಲವೆಂಬುದು ಆಲಮೇಲದ ಕಬ್ಬು ಬೆಳೆಗಾರನಿಗೆ ಗೊತ್ತು. 2025ರ ನವೆಂಬರ್‌ನಲ್ಲಿ ಬೆಳೆಗಾರರು ಒಟ್ಟಾಗಿ ಬೀದಿಗಿಳಿದ ಬಳಿಕವೇ ಸರಕಾರ ಟನ್ನಿಗೆ 3,300 ರೂ. ದರ ಪ್ರಕಟಿಸಿತು. ಅದೇ ರೈತನ ಮಗ ಬೆಂಗಳೂರಿನ ಐಟಿ ಕಂಪೆನಿ ಸೇರಿದೊಡನೆ ಸಂಘಟನೆ ತನಗೆ ಸಲ್ಲದೆಂದು ಭಾವಿಸುವುದೇಕೆ?

ಒಲ್ಲದವನು ಬೇರೆ ಕೆಲಸ ನೋಡಿಕೊಳ್ಳಲಿ ಎಂಬುದು ಮುಕ್ತ ಮಾರುಕಟ್ಟೆಯ ವಾದ. ಸಾಲದ ಕಂತು ಕಟ್ಟುವವನಿಗೆ ಆ ಆಯ್ಕೆ ಎಷ್ಟು ಮುಕ್ತ? ಈ ಉದ್ಯಮದ ಕಂಪೆನಿಗಳು 1988ರಲ್ಲೇ ನಾಸ್ಕಾಮ್ ಹೆಸರಿನಲ್ಲಿ ಒಂದುಗೂಡಿದವು. ರಾಜ್ಯದ ಐಟಿ ನೌಕರರ ಸಂಘ ಹುಟ್ಟಿದ್ದು 2017ರಲ್ಲಿ. 2024ರ ಜುಲೈಯಲ್ಲಿ ದಿನಕ್ಕೆ 12 ಗಂಟೆಗೂ ಹೆಚ್ಚು ದುಡಿಸಲು ಅವಕಾಶ ಕೊಡುವ ಪ್ರಸ್ತಾಪ ಬಂದಾಗ ಬಹಿರಂಗವಾಗಿ ಪ್ರತಿಭಟಿಸಿದ್ದು ಇದೇ ಸಂಘ.

ಮಾಲಕರು ಒಂದುಗೂಡಿದರೆ ಅದು ಉದ್ಯಮದ ಹಿತ, ನೌಕರರು ಒಂದುಗೂಡಿದರೆ ಉದ್ಯಮಕ್ಕೆ ಅಡ್ಡಿ ಎಂಬ ಇಬ್ಬಗೆಯ ನ್ಯಾಯವನ್ನು ನಾವು ಒಪ್ಪಲಾರೆವು. ಮಕ್ಕಳನ್ನು ಬೆಂಗಳೂರಿಗೆ ಕಳುಹಿಸುವ ಹೆತ್ತವರು ಸಂಬಳವೆಷ್ಟೆಂದು ಕೇಳುವ ಜೊತೆಗೆ ಸಂಘದ ಸದಸ್ಯತ್ವ ಪಡೆದೆಯಾ ಎಂದೂ ಕೇಳಲಿ.